ನಿಮಗಿದು ಗೊತ್ತೆ? ಎದುರಾಳಿಗಳೇ ಒಂದಾಗುವ ತಂಡ

ಮಹಾರಾಷ್ಟ್ರದ ಜತ್ತ ತಾಲೂಕಿನ ಕನ್ನಡ ಶಾಲೆಯ ಖೋ ಖೋ ತಂಡ ತಾಲೂಕು ಪಂದ್ಯ ಗೆದ್ದರೆ ಮುಂದೆ ಸಾಂಗ್ಲಿ ಜಿಲ್ಲಾಮಟ್ಟ, ಆಮೇಲೆ ಕೊಲ್ಹಾಪುರ ವಿಭಾಗ, ಅಲ್ಲೂ ಗೆದ್ದರೆ ರಾಜ್ಯಮಟ್ಟ. ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ಮಾತ್ರ ಲೆಕ್ಕವೇ ಬೇರೆ: ಆಯ್ಕೆಗಾರರು ಹಲವು ತಂಡಗಳಿಂದ ಚುರುಕಾದವರನ್ನು ಆರಿಸಿ ಒಂದೇ ಮಹಾರಾಷ್ಟ್ರ ತಂಡ ಕಟ್ಟುತ್ತಾರೆ. ನಿನ್ನೆ ಅಟ್ಟಿಸಿಕೊಂಡು ಬಂದು ಔಟ್ ಮಾಡಿದವಳೇ ಇಂದು ಜತೆಗಾತಿ! 14, 17, 19 ವರ್ಷದೊಳಗಿನವರಿಗೆ ಬೇರೆ ಬೇರೆ ತಂಡ. ಇದೇ ತಾಲೂಕಿನ ಗಡಿಯಂಚಿನ ಉಮದಿಯ ಮಕ್ಕಳಿಗೆ ಸಾಂಗ್ಲಿಗಿಂತ ಕರ್ನಾಟಕದ ವಿಜಯಪುರವೇ ಹತ್ತಿರ. ಆದರೂ ಅವರ ಆಟದ ದಾರಿ ಸಾಂಗ್ಲಿ ಕಡೆಗೇ.

ಅತ್ತ ಅಮೆರಿಕದ ಮಕ್ಕಳ ಬೇಸ್‌ಬಾಲ್‌ ಕೂಟ ಲಿಟಲ್ ಲೀಗ್‌ನಲ್ಲಿ ಎದುರಾಳಿಗಳನ್ನು ಒಂದೇ ತಂಡಕ್ಕೆ ಸೇರಿಸುವ ಇಂಥ ಆಯ್ಕೆ ಊರಮಟ್ಟದಲ್ಲೇ ನಡೆಯುತ್ತದೆ. ಈ ಕೂಟದ ಅಂತಿಮ ಹಣಾಹಣಿ 1947ರಲ್ಲಿ ಅಲ್ಲಿನ ವಿಲಿಯಮ್ಸ್‌ಪೋರ್ಟ್‌ನಲ್ಲಿ ಆರಂಭವಾಯಿತು.