ಅಜ್ಜನ ಗೇಣಿ ಜಮೀನು: ನಮೂನೆ 10 ಇದೆಯೇ?

ಊರಿನ ಪಾಲುಪಟ್ಟಿಯ ಮಾತು ಬಂದರೆ ಗೋಥೆನ್‌ಬರ್ಗ್‌ನ ನಮ್ಮವರಲ್ಲೂ ಕೆಲವರು ಹೇಳುವುದುಂಟು: ‘ಅಜ್ಜ ಡಿಕ್ಲರೇಶನ್ ಕೊಟ್ಟಿದ್ದರು, ಜಮೀನು ನಮ್ಮದೇ.’ ಅಷ್ಟೇ ಸಾಲದು. ಕರ್ನಾಟಕದಲ್ಲಿ ಗೇಣಿ ಜಮೀನು 1974ರ ಮಾರ್ಚ್ 1ರಂದು ಸರ್ಕಾರಕ್ಕೆ ಸೇರಿತು. ಒಕ್ಕಲು ನಮೂನೆ 7 ಸಲ್ಲಿಸಿ ಭೂನ್ಯಾಯಮಂಡಳಿಯಲ್ಲಿ ಗೆಲ್ಲಬೇಕಿತ್ತು. ಗೆದ್ದವರಿಗೆ ಸಿಕ್ಕ ಹಕ್ಕುಪತ್ರವೇ ನಮೂನೆ 10.

ನಮೂನೆ 7ರ ಗಡುವು 1979ರ ಜೂನ್ 30ಕ್ಕೇ ಮುಗಿದಿದೆ. ಅಂದಿನ ಅರ್ಜಿ ಇನ್ನೂ ಬಾಕಿಯಿದ್ದರೆ ವಾರಸುದಾರರು ಮುಂದುವರಿಸಬಹುದು. ತೀರ್ಪು ವಿರುದ್ಧವಾಗಿದ್ದರೆ ಹೈಕೋರ್ಟ್‌ನಲ್ಲಿ ರಿಟ್, ತಡವಾದಷ್ಟೂ ಕಷ್ಟ. ಹಕ್ಕುಪತ್ರ ದೊಡ್ಡಪ್ಪನೊಬ್ಬನ ಹೆಸರಿನಲ್ಲಿದೆಯೇ? ಗೇಣಿ ಕೂಡುಕುಟುಂಬದ್ದಾಗಿದ್ದರೆ ನಿಮಗೂ ಪಾಲುಂಟು, ಆದರೆ ಸಾಬೀತುಮಾಡಬೇಕು.

ಸ್ವೀಡನ್ನಿನ 1985ರ ಕಾನೂನು ಇಷ್ಟು ಉದಾರಿಯಲ್ಲ: ಮೊದಲೇ ಆಸಕ್ತಿ ನೋಂದಾಯಿಸಿದ ಗೇಣಿದಾರನಿಗೆ, ಒಡೆಯ ಮಾರಿದರೆ ಮಾತ್ರ, ಕೊಳ್ಳುವ ಮೊದಲ ಅವಕಾಶ.

ಪಾಲುಪಟ್ಟಿಗೆ ಸಹಿ ಹಾಕುವ ಮುನ್ನ ತಾಲ್ಲೂಕು ಕಚೇರಿಯಿಂದ ಮಂಡಳಿ ಆದೇಶದ ದೃಢೀಕೃತ ನಕಲು ತರಿಸಿಕೊಳ್ಳಿ.