ಕ್ಯೂಆರ್ ಕೋಡ್ ಕೀಳಬೇಡಿ, ಲೆಕ್ಕದ ಪುಸ್ತಕ ತೆರೆಯಿರಿ

ಬೊಮ್ಮನಹಳ್ಳಿಯ ಗಲ್ಲಿಗಳಲ್ಲಿ ಬೆಳಿಗ್ಗೆ ಎಂಟು ಗಂಟೆಗೆಲ್ಲ ಕೆಲವು ಮನೆಗಳ ಬಾಗಿಲಲ್ಲಿ ಪುಟ್ಟ ಪುಟ್ಟ ಚಪ್ಪಲಿಗಳ ಸಾಲು ಕಾಣುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವ ತಾಯಿ, ಎಲೆಕ್ಟ್ರಾನಿಕ್ ಸಿಟಿಗೆ ಮೆಟ್ರೋ ಹಿಡಿಯುವ ತಂದೆ ಮಗುವನ್ನೂ ಹಾಲಿನ ಬಾಟಲಿಯನ್ನೂ ಅಲ್ಲಿ ಒಪ್ಪಿಸಿ ಓಡುತ್ತಾರೆ. ಊರು ಬಿಟ್ಟು ಬಂದ ನಮ್ಮ ಬ್ಯಾರಿ ಕುಟುಂಬಗಳ ಹೆಣ್ಮಕ್ಕಳಲ್ಲೂ ಕೆಲವರು ಹೀಗೆ ಮನೆಯಲ್ಲೇ ಮಕ್ಕಳನ್ನು ನೋಡಿಕೊಂಡು ಸಂಸಾರಕ್ಕೆ ಹೆಗಲು ಕೊಟ್ಟಿದ್ದಾರೆ.

ಅಂತಹ ಒಬ್ಬ ಸಹೋದರಿ ಮಗನನ್ನು ಮದ್ರಸಕ್ಕೆ ಬಿಡಲು ಬಂದವರು ಒಮ್ಮೆ ಹೇಳಿದರು: "ಉಸ್ತಾದ್, ಇನ್ನು ಫೀಸು ಕ್ಯಾಶ್‌ನಲ್ಲೇ ಕೊಡಿ ಅಂತ ಎಲ್ಲರಿಗೂ ಹೇಳಿದ್ದೇನೆ. ನೋಟಿಸ್ ಬಂದರೆ ಯಾರು ನೋಡುವುದು?"

ಅವರ ಹೆದರಿಕೆಗೆ ಕಾರಣ ಇತ್ತು. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳುಹಿಸಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂ. ಕಟ್ಟುವಂತೆ ನೋಟಿಸ್ ಬಂದ ಸುದ್ದಿ ಎಲ್ಲ ಕಡೆ ಹಬ್ಬಿತು. ಬೆಂಗಳೂರಿನ ಬೇಕರಿ, ಚಹಾದಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ "ಕ್ಯಾಶ್ ಮಾತ್ರ" ಎಂಬ ಚೀಟಿ ಬಂತು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೇ ವ್ಯಾಪಾರಿಗಳ ಸಭೆ ಕರೆಯಬೇಕಾಯಿತು.

ಆದರೆ ಆ ನೋಟಿಸ್‌ಗೂ ಹತ್ತು ಮಕ್ಕಳನ್ನು ನೋಡುವ ಮನೆಗೂ ಏನು ಸಂಬಂಧ? ನಾನು ಲೆಕ್ಕ ಪರಿಶೋಧಕನಲ್ಲ. ಹಾಗಾಗಿ ಆ ಕೆಲಸ ಬಲ್ಲ ಸ್ನೇಹಿತರೊಬ್ಬರ ಮುಂದೆ ಕುಳಿತು ಕೇಳಿ ತಿಳಿದುಕೊಂಡೆ. ನಮ್ಮ ಸಹೋದರಿಯರಿಗೆ ಉಪಯೋಗಕ್ಕೆ ಬರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮಿತಿ ಎಷ್ಟು?

ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ರೂ. ದಾಟಿದರೆ ಮಾತ್ರ ಜಿಎಸ್‌ಟಿ ನೋಂದಣಿಯ ಪ್ರಶ್ನೆ ಬರುತ್ತದೆ. ಸರಕು ಮಾರುವವರಿಗೆ ಆ ಮಿತಿ 40 ಲಕ್ಷ. ಹತ್ತು ಮಕ್ಕಳು, ತಿಂಗಳಿಗೆ ತಲಾ 5,000 ರೂ. ಎಂದರೆ ವರ್ಷಕ್ಕೆ 6 ಲಕ್ಷ. ಮಿತಿ ಇನ್ನೂ ಬಹಳ ದೂರ ಇದೆ.

ಇನ್ನು ಆದಾಯ ತೆರಿಗೆ. 2025–26ರ ಸಾಲಿಗೆ ಹೊಸ ಪದ್ಧತಿಯಲ್ಲಿ 4 ಲಕ್ಷ ರೂ. ತನಕ ತೆರಿಗೆಯೇ ಇಲ್ಲ. ಅದರ ಮೇಲೆಯೂ ರಿಯಾಯಿತಿ ಸೇರಿ 12 ಲಕ್ಷದ ತನಕ ಇಂತಹ ಆದಾಯಕ್ಕೆ ಕಟ್ಟಬೇಕಾದ ತೆರಿಗೆ ಸೊನ್ನೆ. ಇಲ್ಲಿ ಆದಾಯ ಎಂದರೆ ಕೈಗೆ ಬಂದ ಫೀಸು ಅಲ್ಲ, ಖರ್ಚು ಕಳೆದು ಉಳಿದದ್ದು.

ಎರಡು ದಾರಿ

ಮೊದಲನೆಯದು ಅಂದಾಜು ಲಾಭದ ದಾರಿ. 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಂ ಪ್ರಕಾರ ಸಣ್ಣ ವ್ಯವಹಾರದವರು ಬ್ಯಾಂಕ್, ಯುಪಿಐ ಮೂಲಕ ಬಂದ ಹಣದ ಶೇ. 6, ನಗದಾಗಿ ಬಂದ ಹಣದ ಶೇ. 8 ಲಾಭ ಎಂದು ತೋರಿಸಬಹುದು. ನಿಜವಾಗಿ ಹೆಚ್ಚು ಉಳಿದಿದ್ದರೆ ಹೆಚ್ಚನ್ನೇ ತೋರಿಸಬಹುದು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಅದರಲ್ಲಿ ಕಲಂ ಸಂಖ್ಯೆ ಬೇರೆ, ವ್ಯವಸ್ಥೆ ಮಾತ್ರ ಇದೇ. ನೋಡಿ, ಹೆದರಿ ನಗದಿಗೆ ಹೋದವರಿಗೆ ಕಾನೂನು ಲೆಕ್ಕ ಹಾಕುವುದು ಶೇ. 8. ಗೂಗಲ್ ಪೇ, ಫೋನ್ ಪೇಯಲ್ಲಿ ತೆಗೆದುಕೊಂಡವರಿಗೆ ಶೇ. 6. ಕ್ಯೂಆರ್ ಕೋಡ್ ಕಿತ್ತರೆ ನಷ್ಟ ನಮಗೇ.

ಈ ದಾರಿ ಹಿಡಿದವರು ಬಾಡಿಗೆ, ಹಾಲು, ಆಯಾ ಸಂಬಳ ಅಂತ ಮತ್ತೆ ಕಳೆಯುವ ಹಾಗಿಲ್ಲ. ಎಲ್ಲ ಖರ್ಚು ಅದರಲ್ಲೇ ಮುಗಿಯಿತು. ಒಮ್ಮೆ ಆರಿಸಿಕೊಂಡು ಮಧ್ಯೆ ಬಿಟ್ಟರೆ ಐದು ವರ್ಷ ಮತ್ತೆ ಆ ದಾರಿಗೆ ಬರಲಾಗದು.

ಎರಡನೆಯದು ನಿಜವಾದ ಖರ್ಚನ್ನು ಬರೆದು ಕಳೆಯುವುದು. ಆ ಸಹೋದರಿಯ ಜೊತೆ ಕುಳಿತು ಒಂದು ವರ್ಷದ ಲೆಕ್ಕ ಹಾಕಿದೆವು. ಬಂದ ಫೀಸು 6 ಲಕ್ಷ. ಮನೆ ಬಾಡಿಗೆ 18,000. ಹಾಲ್ ಮತ್ತು ಒಂದು ರೂಮು, ಅಂದರೆ ಮನೆಯ ಅರ್ಧ ಜಾಗ ಮಕ್ಕಳಿಗೆ. ಹಾಗಾಗಿ ಬಾಡಿಗೆಯಲ್ಲಿ ಅರ್ಧ, ವರ್ಷಕ್ಕೆ 1,08,000. ಸಹಾಯಕ್ಕೆ ಬರುವ ಅಕ್ಕನಿಗೆ 1,20,000. ಹಾಲು, ಹಣ್ಣು, ಊಟಕ್ಕೆ 90,000. ಗ್ಯಾಸ್, ಕರೆಂಟಿನ ಪಾಲು 18,000. ಆಟಿಕೆ, ಚಾಪೆ, ಸಾಬೂನು, ಫಿನಾಯಿಲ್ ಇತ್ಯಾದಿ 24,000. ಒಟ್ಟು ಖರ್ಚು 3,60,000. ಉಳಿದದ್ದು 2,40,000, ತಿಂಗಳಿಗೆ 20,000.

"ನಾನು ತಿಂಗಳಿಗೆ ಐವತ್ತು ಸಾವಿರ ದುಡಿಯುತ್ತೇನೆ ಅಂತ ತಿಳಿದುಕೊಂಡಿದ್ದೆ" ಎಂದು ಅವರು ಸುಮ್ಮನಾದರು. ಮೂರು ವರ್ಷದಿಂದ ಅವರು ಫೀಸು ಏರಿಸಿರಲಿಲ್ಲ.

ಯಾವುದನ್ನು ಬರೆಯಬಾರದು?

ಮನೆಯವರ ಊಟ, ನಮ್ಮ ಮಕ್ಕಳ ಸ್ಕೂಲ್ ಫೀಸು, ಹಬ್ಬದ ಬಟ್ಟೆ ಇವು ವ್ಯವಹಾರದ ಖರ್ಚಲ್ಲ. ರಾತ್ರಿ ಹಾಲ್‌ನಲ್ಲಿ ಮನೆಯವರೇ ಮಲಗುವುದಾದರೆ ಬಾಡಿಗೆಯ ಪಾಲನ್ನು ಅಷ್ಟು ಕಡಿಮೆ ಮಾಡಿಯೇ ಬರೆಯಬೇಕು. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬಂದ ತಿಂಗಳು ಕರೆಂಟ್ ಖರ್ಚು ಬರೆಯುವಂತಿಲ್ಲ. ಪಕ್ಕದ ಮನೆಯ ಬಡ ಮಗುವನ್ನು ಫೀಸಿಲ್ಲದೆ ನೋಡಿಕೊಂಡರೆ ಅದು ಸದಕ, ಅದರ ಪ್ರತಿಫಲ ಬೇರೆ ಕಡೆ ಇದೆ. ತೆರಿಗೆಯ ಪುಸ್ತಕಕ್ಕೆ ಅದನ್ನು ಎಳೆಯಬಾರದು. ಸೇರುವಾಗ ಪಡೆದು ಬಿಡುವಾಗ ವಾಪಸ್ ಕೊಡಬೇಕಾದ ಅಡ್ವಾನ್ಸ್ ನಮ್ಮ ಆದಾಯ ಅಲ್ಲ, ಅದು ಅಮಾನತ್ತು. ಬೇರೆ ಪುಟದಲ್ಲಿ ಬರೆದಿಡಿ.

ಇನ್ನೊಂದು ಮುಖ್ಯ ವಿಷಯ. ಕೆಲವು ತಂದೆತಾಯಿ ರಸೀದಿಯಲ್ಲಿ "ಸ್ಕೂಲ್ ಟ್ಯೂಷನ್ ಫೀಸು" ಅಂತ ಬರೆದುಕೊಡಿ ಎನ್ನುತ್ತಾರೆ, ಇಲ್ಲವೇ ಕಂಪೆನಿಯಿಂದ ಪಡೆಯಲು ಹೆಚ್ಚು ಮೊತ್ತ ಹಾಕಿಸಲು ನೋಡುತ್ತಾರೆ. ಮಗುವನ್ನು ನೋಡಿಕೊಂಡದ್ದಕ್ಕೆ ಪಡೆದ ಹಣ ಶಾಲೆಯ ಟ್ಯೂಷನ್ ಫೀಸು ಆಗುವುದಿಲ್ಲ. ಪಡೆದಷ್ಟೇ ಬರೆಯಿರಿ. ಸಹಿ ನಮ್ಮದು, ಉತ್ತರಿಸಬೇಕಾದವರೂ ನಾವೇ.

ಮೂರು ಪುಸ್ತಕ, ಒಂದು ಖಾತೆ

ಇದಕ್ಕೆ ಕಂಪ್ಯೂಟರ್ ಬೇಡ. ಒಂದು ಹಾಜರಿ ಪುಸ್ತಕ: ಮಗುವಿನ ಹೆಸರು, ಬಂದ ಸಮಯ, ಹೋದ ಸಮಯ. ಒಂದು ಕಾರ್ಬನ್ ಇಟ್ಟು ಬರೆಯುವ, ಕ್ರಮಸಂಖ್ಯೆ ಇರುವ ರಸೀದಿ ಪುಸ್ತಕ. ಒಂದು ಖರ್ಚಿನ ಪುಸ್ತಕ. ತಿಂಗಳಿಗೊಂದು ಲಕೋಟೆಯಲ್ಲಿ ಬಿಲ್ಲುಗಳು. ಅಂಗಡಿಯ ತೆಳು ಕಾಗದದ ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ಮೊಬೈಲಲ್ಲಿ ಫೋಟೋ ತೆಗೆದಿಡಿ. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ ಆ ಖರ್ಚನ್ನು ಕಾನೂನು ಒಪ್ಪುವುದಿಲ್ಲ, ಬ್ಯಾಂಕ್ ಮೂಲಕವೇ ಕೊಡಿ. ಎಂಟು ವರ್ಷ ಇವನ್ನೆಲ್ಲ ಜೋಪಾನ ಮಾಡಿದರೆ ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯ, ಫೀಸು ಬರಲು ನಿಮ್ಮದೇ ಹೆಸರಿನ ಪ್ರತ್ಯೇಕ ಖಾತೆ ಇರಲಿ. ಗಂಡನ ಖಾತೆಗೆ ಹಾಕಿಸಿದರೆ ನಿಮ್ಮ ದುಡಿಮೆ ಅವರ ಆದಾಯದಂತೆ ಕಾಣುತ್ತದೆ. ನಾಳೆ ನೀವು ದೊಡ್ಡ ಮನೆಗೆ ಹೋಗಲು ಸಾಲ ಕೇಳಿದರೆ ತೋರಿಸಲು ನಿಮ್ಮ ಹೆಸರಲ್ಲಿ ಏನೂ ಇರುವುದಿಲ್ಲ. ಆ ಸಹೋದರಿಗೂ ಹಾಗೇ ಆಗಿತ್ತು. ಆರು ವರ್ಷ ದುಡಿದವರಿಗೆ ಬ್ಯಾಂಕೊಂದರಲ್ಲಿ ಕೇಳಿದ್ದು, "ನಿಮಗೆ ಆದಾಯ ಇದೆ ಅನ್ನುವುದಕ್ಕೆ ದಾಖಲೆ ಎಲ್ಲಿ?"

ತೆರಿಗೆ ಬಾರದಿದ್ದರೂ ರಿಟರ್ನ್ ಸಲ್ಲಿಸಿದರೆ ಆ ದಾಖಲೆ ಸಿಗುತ್ತದೆ. "ಗೃಹಲಕ್ಷ್ಮಿ ನಿಂತುಹೋಗುತ್ತದಾ?" ಎಂದು ಹಲವರು ಕೇಳುತ್ತಾರೆ. ಯಜಮಾನಿ ಅಥವಾ ಪತಿ ಆದಾಯ ತೆರಿಗೆ ಪಾವತಿಸುವವರು, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರು ಆಗಿದ್ದರೆ ಅರ್ಹರಲ್ಲ ಎಂಬುದು ಆ ಯೋಜನೆಯ ನಿಯಮ. ಸಲ್ಲಿಸುವ ಮೊದಲು ಬಲ್ಲವರಲ್ಲಿ ವಿಚಾರಿಸಿ.

ಕುರ್‌ಆನಿನ ಅತಿ ದೀರ್ಘ ಸೂಕ್ತ ಅಲ್ ಬಕರ ಅಧ್ಯಾಯದ 282ನೆಯದು. ಅದರ ವಿಷಯ ನಮಾಝ್ ಅಲ್ಲ, ಉಪವಾಸವೂ ಅಲ್ಲ, ಸಾಲದ ವ್ಯವಹಾರವನ್ನು ಬರೆದಿಡುವುದು. ಮದ್ರಸದಲ್ಲಿ ಅದನ್ನು ಕಲಿಸುವಾಗ ನಾನು ವ್ಯಾಪಾರಿಗಳ ಉದಾಹರಣೆಯನ್ನೇ ಕೊಡುತ್ತಿದ್ದೆ. ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತ ಹತ್ತು ಮಕ್ಕಳನ್ನು ನೋಡುವ ಹೆಂಗಸಿಗೂ ಅದು ಅನ್ವಯಿಸುತ್ತದೆ ಎಂದು ಹೊಳೆದದ್ದು ಈಗ.

ಆ ಸಹೋದರಿಯ ಬಾಗಿಲಿಗೆ ಕ್ಯೂಆರ್ ಕೋಡ್ ವಾಪಸ್ ಬಂದಿದೆ. ಈ ಸಲ ಅದರಲ್ಲಿರುವುದು ಅವರದೇ ಹೆಸರು.