ಒಂದು ಗೇಣು ಮರಳು

ಈ ಫೋಟೋದಲ್ಲಿರೋದು ಏನು ಹೇಳಿ ನೋಡೋಣ. ವಿಮಾನದಿಂದ ತೆಗೆದ ನದಿಯ ಚಿತ್ರವೇ?

ಚೆನ್ನೈನ ಬೆಸೆಂಟ್ ನಗರ, ಎಲಿಯಟ್ಸ್ ಬೀಚು. ಬರೀ ಒಂದು ಗೇಣು ಮರಳು!

ಮರಳಿನ ಮೇಲಿನ ಈ ಕಪ್ಪು ಗೆರೆಗಳನ್ನು ಕೊಳೆ ಅಂದುಕೊಂಡು ದಾಟಿಹೋಗುವವರೇ ಹೆಚ್ಚು. ಇವು ಇಲ್ಮನೈಟ್‌ನಂಥ ಭಾರದ ಖನಿಜದ ಕಣಗಳು. ಅಲೆ ಹಿಂದೆ ಸರಿಯುವಾಗ ಹಗುರವಾದ ಬಿಳಿ ಮರಳನ್ನು ಎಳೆದೊಯ್ಯುತ್ತೆ, ಭಾರದ್ದು ಅಲ್ಲೇ ಉಳಿಯುತ್ತೆ. ಮೊರದಲ್ಲಿ ಅಕ್ಕಿ ಕೇರಿದ ಹಾಗೆ.

ಇಲ್ಲಿ ಸೂರ್ಯ ಹುಟ್ಟೋದೇ ಕಡಲ ಮೇಲೆ. ಬೆಳಗಿನ ಆ ಓರೆ ಬಿಸಿಲಲ್ಲಿ ಕಣಕಣಕ್ಕೂ ನೆರಳು. ಇಂಥ ಫೋಟೋ ತೆಗೆಯೋಕೆ ಮೊಬೈಲನ್ನು ಮರಳಿಗೆ ಸಮಾನಾಂತರವಾಗಿ ಹಿಡಿಯಿರಿ. ಹತ್ತಿರ ಹೋದಷ್ಟೂ ಫೋಕಸ್‌ನ ಆಳ ಕಡಿಮೆ, ವಾಲಿದರೆ ಒಂದು ಅಂಚು ಮಸುಕು.

ಚಪ್ಪಲಿ, ಚಿಪ್ಪು, ಹೆಜ್ಜೆಗುರುತು, ದಿಗಂತ ಯಾವುದೂ ಫ್ರೇಮಿನಲ್ಲಿ ಬೇಡ. ಅಳತೆ ಸಿಕ್ಕಿತೋ, ನದಿ ಮಾಯ! ಹೀಗೇ 1930ರಲ್ಲಿ ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ ಒಂದು ದೊಣ್ಣೆಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗಿಟ್ಟು ಫೋಟೋ ತೆಗೆದರು. ನೋಡಿದವರಿಗೆ ಕಂಡದ್ದು ಮನುಷ್ಯನ ಮೈಕಟ್ಟು. ತರಕಾರಿಗೆ ಅಂಥ ಗತ್ತು ಮತ್ತೆ ಸಿಕ್ಕಿಲ್ಲ ಬಿಡಿ.

ಬಣ್ಣ ಏರಿಸೋ ಫಿಲ್ಟರ್ ಬೇಡ, ಇಲ್ಲಿನ ಕಪ್ಪು-ಕಂದೇ ಸಾಕು. ಆಮೇಲೆ ಲೆನ್ಸನ್ನು ಬಟ್ಟೆಯಿಂದ ಉಜ್ಜೋಕೆ ಮೊದಲು ಬ್ಲೋವರ್‌ನಿಂದ ಗಾಳಿ ಹಾಯಿಸಿ, ಇಲ್ಲದಿದ್ದರೆ ಮರಳಿನ ಕಣ ಗೀರು ಬೀಳಿಸುತ್ತೆ.